ಮನೆಗಿಂತ ಮೊದಲು ದಾರಿ ಮುಳುಗುತ್ತದೆ: ಹೊಳೆ ದಂಡೆಯ ಕುಟುಂಬದ ಸಿದ್ಧತೆ

ಪ್ರಶ್ನೆ: ಮುಧೋಳ ತಾಲೂಕಿನಲ್ಲಿ ಘಟಪ್ರಭಾ ನದಿಯ ದಂಡೆಗೆ ನಮ್ಮ ಮನೆಯಿದೆ. 2019ರ ಆಗಸ್ಟ್‌ನಲ್ಲಿ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಮನೆಯಲ್ಲಿ ನಾವಿಬ್ಬರು, 78 ವರ್ಷದ ಮಾವ, ಇಬ್ಬರು ಮಕ್ಕಳು, ನಾಲ್ಕು ಎಮ್ಮೆಗಳು ಇದ್ದೇವೆ. ಆ ನೆರೆಯ ನಂತರ ಹಿತ್ತಲಲ್ಲಿ ಎರಡು ಸ್ಲ್ಯಾಬ್ ಕೋಣೆ ಕಟ್ಟಿಸಿದೆವು. ಮತ್ತೆ ಹೊಳೆ ಬಂದರೆ ಸ್ಲ್ಯಾಬಿನ ಮೇಲೆ ಹತ್ತಿ ಕುಳಿತರಾಯಿತು ಎನ್ನುತ್ತಾರೆ ನಮ್ಮ ಮನೆಯವರು. ನನಗೆ ಧೈರ್ಯ ಬರುತ್ತಿಲ್ಲ. ನಾವು ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು? ಬಸವನಬಾಗೇವಾಡಿ ಕಡೆ ನನ್ನ ತವರುಮನೆ ಮಣ್ಣಿನ ಮಾಳಿಗೆಯದು. ಅಲ್ಲಿ ಆಗಾಗ ಭೂಮಿ ನಡುಗುತ್ತದೆ. ಅವರಿಗೂ ಎರಡು ಮಾತು ತಿಳಿಸಿ.

ಉತ್ತರ: ನಿಮ್ಮ ಅಳುಕು ಸರಿಯಾದದ್ದೇ. ಸ್ಲ್ಯಾಬು ಒಂದು ರಾತ್ರಿ ಜೀವ ಉಳಿಸಬಲ್ಲದು, ಆದರೆ ಘಟಪ್ರಭೆಯ ನೆರೆ ಒಂದು ರಾತ್ರಿಯಲ್ಲಿ ಇಳಿದುಹೋಗುವಂಥದ್ದಲ್ಲ. ಮೇಲಿನಿಂದ ಜಲಾಶಯದ ನೀರು ಬಿಡುತ್ತಿರುವಷ್ಟು ದಿನವೂ ಅದು ನಿಲ್ಲುತ್ತದೆ. ಅಷ್ಟು ದಿನ ನೆರಳಿಲ್ಲದ, ಶೌಚಕ್ಕೆ ಮರೆಯಿಲ್ಲದ, ಸುತ್ತಲೂ ನೀರಿದ್ದೂ ಕುಡಿಯಲು ನೀರಿಲ್ಲದ ಮಾಳಿಗೆಯ ಮೇಲೆ 78 ವರ್ಷದ ಹಿರಿಯರನ್ನೂ ಇಬ್ಬರು ಮಕ್ಕಳನ್ನೂ ಇಟ್ಟುಕೊಂಡು ಕೂರುವುದು ಎಂಥ ಕಷ್ಟವೆಂದು ನಿಮ್ಮ ಊರಿನವರಿಗೆ ನಾನು ಹೇಳಬೇಕಾಗಿಲ್ಲ. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸೇನೆಯವರು, ಎನ್‌ಡಿಆರ್‌ಎಫ್ ತಂಡದವರು, ವಾಯುಪಡೆಯ ಹೆಲಿಕಾಪ್ಟರ್‌ಗಳು ಮಾಳಿಗೆಗಳ ಮೇಲಿಂದ ಜನರನ್ನು ಇಳಿಸಿದ್ದನ್ನು ಎಲ್ಲರೂ ಕಂಡಿದ್ದೇವೆ. ದೋಣಿ ನಿಮ್ಮಲ್ಲಿಗೆ ಯಾವಾಗ ಬರುತ್ತದೆ ಎಂಬುದು ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಎಮ್ಮೆಗಳಂತೂ ಸ್ಲ್ಯಾಬು ಹತ್ತಲಾರವು. ಆದ್ದರಿಂದ ಸ್ಲ್ಯಾಬನ್ನು ಕಟ್ಟಕಡೆಯ ಆಸರೆಯೆಂದು ಇಟ್ಟುಕೊಳ್ಳಿ, ಯೋಜನೆಯೆಂದು ನಂಬಬೇಡಿ. ನಿಮ್ಮ ಸಿದ್ಧತೆಯೆಲ್ಲ ಹೊತ್ತಿಗೆ ಮುಂಚೆ ಹೊರಡುವುದಕ್ಕಾಗಿ ಇರಬೇಕು.

ಹೊತ್ತಿಗೆ ಮುಂಚೆ ಎಂದರೆ ಯಾವಾಗ? ನೆರೆ ಇಳಿದ ಮೇಲೆ ಗೋಕಾಕ, ಮುಧೋಳ ತಾಲೂಕುಗಳ ಹಳ್ಳಿಗಳಲ್ಲಿ ಮನೆಮನೆ ತಿರುಗಿದಾಗ ನಾನು ಹೆಚ್ಚಾಗಿ ಕೇಳಿದ ಮಾತು ಒಂದೇ: “ಹೊಳಿ ಅಂಗಳಕ್ಕ ಬರಲಿ, ಆಮ್ಯಾಲ ಹೋದರಾತು ಅಂತ ಕುಂತಿದ್ವಿ.” ಆದರೆ ನಮ್ಮ ಕಡೆ ಮನೆ ಮುಳುಗುವುದಕ್ಕಿಂತ ಮೊದಲು ದಾರಿ ಮುಳುಗುತ್ತದೆ. ಹೊಳೆ ಏರಿದಾಗ ಅದಕ್ಕೆ ಬಂದು ಸೇರುವ ಹಳ್ಳಗಳ ನೀರು ಮುಂದೆ ಹರಿಯಲಾಗದೆ ನಿಲ್ಲುತ್ತದೆ, ಬಳಿಕ ಹೊಳೆಯ ನೀರೇ ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. ನಿಮ್ಮ ಅಂಗಳ ಒಣಗಿರುವಾಗಲೇ ಊರ ಹೊರಗಿನ ಹಳ್ಳದ ತಗ್ಗು ಸೇತುವೆ ಮುಳುಗಿ ಊರು ನಡುಗಡ್ಡೆಯಾಗುವುದು ಹೀಗೆ. ಆಮೇಲೆ ಆ ಸೇತುವೆಯನ್ನು ದಾಟಲು ಹೋಗುವುದೇ ಅತ್ಯಂತ ಅಪಾಯದ ಕೆಲಸ. ಅರ್ಧ ಅಡಿ ರಭಸದ ನೀರು ನಡೆಯುವವರ ಕಾಲು ಕೀಳುತ್ತದೆ, ಒಂದು ಅಡಿ ನೀರಿಗೆ ಸಣ್ಣ ಕಾರು ತೇಲತೊಡಗುತ್ತದೆ, ಎರಡು ಅಡಿ ನೀರು ಬಹುತೇಕ ವಾಹನಗಳನ್ನು ತಳ್ಳಿಕೊಂಡು ಹೋಗುತ್ತದೆ. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ಟ್ರ್ಯಾಕ್ಟರ್ ಇದೆಯೆಂಬ ಧೈರ್ಯವೂ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಮೊದಲ ಕೆಲಸ ಖರೀದಿಯದಲ್ಲ, ಅಳತೆಯದು. ಮಳೆಗಾಲಕ್ಕೆ ಮುನ್ನ ಒಂದು ದಿನ ಮನೆಯವರನ್ನು ಕರೆದುಕೊಂಡು ನಿಮ್ಮ ಊರಿನಿಂದ ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ನಡೆದು ನೋಡಿ. ಅದರಲ್ಲಿ ಎಲ್ಲಕ್ಕಿಂತ ತಗ್ಗಾದ ಸ್ಥಳ ಯಾವುದು, 2019ರಲ್ಲಿ ಅದು ಮುಳುಗಿದ್ದು ಯಾವ ದಿನ, ನಿಮ್ಮ ಮನೆಗೆ ನೀರು ಹೊಕ್ಕಿದ್ದು ಯಾವ ದಿನ ಎಂದು ಊರ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಈ ಎರಡರ ನಡುವಿನ ಅಂತರವನ್ನು ಮರೆತವರೇ ಊರೊಳಗೆ ಸಿಕ್ಕಿಬೀಳುತ್ತಾರೆ. ಬಳಿಕ ಹೊಳೆಯ ಬದಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವ ಎರಡು ಗುರುತುಗಳನ್ನು ಗೊತ್ತು ಮಾಡಿ. ಗುಡಿಯ ಕಟ್ಟೆಯ ಕೆಳಗಿನ ಮೆಟ್ಟಿಲಾಗಲಿ, ಸೇತುವೆಯ ಕಂಬದ ಒಂದು ಕಲ್ಲಾಗಲಿ ಆದೀತು. ಮೊದಲ ಗುರುತಿಗೆ ನೀರು ಮುಟ್ಟಿದರೆ ಮಾವ ಮತ್ತು ಎಮ್ಮೆಗಳು ಹೊರಡಬೇಕು. ಎರಡನೆಯ ಗುರುತು ಹಳ್ಳದ ಸೇತುವೆ ಮುಳುಗುವ ಮಟ್ಟಕ್ಕಿಂತ ಸಾಕಷ್ಟು ಕೆಳಗಿರಬೇಕು, ಅದಕ್ಕೆ ನೀರು ಮುಟ್ಟಿದರೆ ಉಳಿದವರೆಲ್ಲ ಹೊರಡಬೇಕು. ಇದನ್ನು ಮನೆಮಂದಿಯೆಲ್ಲ ಈಗಲೇ, ಆಕಾಶ ತಿಳಿಯಾಗಿರುವಾಗಲೇ ಒಪ್ಪಿಕೊಂಡಿರಬೇಕು, ಏಕೆಂದರೆ ನೀರು ಏರುತ್ತಿರುವಾಗ ಚರ್ಚೆಗೆ ಕುಳಿತರೆ ಚರ್ಚೆ ಮುಗಿಯುವಷ್ಟರಲ್ಲಿ ದಾರಿ ಮುಗಿದಿರುತ್ತದೆ. ನೀರಿನ ಅಂಚಿನಲ್ಲಿ ಗೇಣು ಗೇಣಿಗೆ ಗೆರೆ ಹಾಕಿದ ಕೋಲೊಂದನ್ನು ಹಗಲಲ್ಲಿ ನೆಟ್ಟು ಗಂಟೆಗೊಮ್ಮೆ ನೋಡಿದರೆ ಏರಿಕೆಯ ವೇಗವೂ ತಿಳಿಯುತ್ತದೆ. ಕತ್ತಲಾಗುವ ಹೊತ್ತಿಗೆ ನೀರು ಏರುತ್ತಲೇ ಇದ್ದರೆ ಗುರುತು ಮುಟ್ಟದಿದ್ದರೂ ಹೊರಡಿ.

ನಮ್ಮ ಭಾಗದಲ್ಲಿ ಇನ್ನೊಂದು ವಿಶೇಷವಿದೆ. ನೆರೆ ಬರುವ ದಿನ ಮುಧೋಳದಲ್ಲಿ ಬಿಸಿಲಿರಬಹುದು. ನಿಮ್ಮ ಹೊಳೆಯನ್ನು ತುಂಬಿಸುವ ಮಳೆ ಪಶ್ಚಿಮ ಘಟ್ಟದಲ್ಲಿ ಬೀಳುತ್ತದೆ, ಹಾಗಾಗಿ ಆಕಾಶಕ್ಕಿಂತ ಜಲಾಶಯದ ಲೆಕ್ಕವನ್ನು ನೋಡುವುದು ಹೆಚ್ಚು ಉಪಯುಕ್ತ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪತ್ರಿಕೆಯಲ್ಲಿ ಬರುವ ಒಳಹರಿವು, ಹೊರಹರಿವಿನ ಅಂಕಿಗಳನ್ನು ಓದುವುದು ಕಷ್ಟವೇನಲ್ಲ. 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ 1 ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಸುಮಾರು 11,500 ಕ್ಯೂಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ 1 ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ಆಗುತ್ತದೆ. ನಿಮ್ಮ ಮೇಲ್ಗಡೆ ಘಟಪ್ರಭೆಗೆ ಕಟ್ಟಿರುವ ಹಿಡಕಲ್ ಜಲಾಶಯ ಹಿಡಿಯುವುದು ಸುಮಾರು 51 ಟಿಎಂಸಿ. ಅದರಲ್ಲಿ 48 ಟಿಎಂಸಿ ತುಂಬಿದೆ, ಒಳಹರಿವು 46,000 ಕ್ಯೂಸೆಕ್ ಇದೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 4 ಟಿಎಂಸಿ ಬರುತ್ತಿದೆ, ಉಳಿದಿರುವ ಜಾಗ 3 ಟಿಎಂಸಿ. ಅಂದರೆ 18 ಗಂಟೆಯಲ್ಲಿ ಜಲಾಶಯ ತುಂಬುತ್ತದೆ, ಆಮೇಲೆ ಬಂದಷ್ಟೂ ನೀರನ್ನು ಹೊಳೆಗೆ ಬಿಡದೆ ಬೇರೆ ದಾರಿಯಿಲ್ಲ. ಈ ಲೆಕ್ಕವನ್ನು ನಿಮ್ಮ ಮಕ್ಕಳೇ ಮಾಡಬಲ್ಲರು, ಮಾಡಲಿ. ಆದರೆ ಹಿಡಕಲ್‌ ಒಂದನ್ನೇ ನಂಬಿ ಕೂರುವಂತಿಲ್ಲ. ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ ಬಂದು ಸೇರುತ್ತದೆ, ಗೋಕಾಕದ ಬಳಿ ಮಾರ್ಕಂಡೇಯ ಸೇರುತ್ತದೆ. ಹಿಡಕಲ್ ಗೇಟು ಮುಚ್ಚಿದ್ದರೂ ಇವೆರಡರ ನೀರಿನಿಂದ ಘಟಪ್ರಭೆ ಏರಬಹುದು. ಗೋಕಾಕದ ಲೋಳಸೂರ ಸೇತುವೆಗೆ ನೀರು ತಾಗಿತೆಂಬ ಸುದ್ದಿ ಬಂದರೆ ಕೆಳಗಿರುವ ನೀವು ಅದನ್ನು ಸುದ್ದಿಯೆಂದು ಓದಿ ಬಿಡದೆ ಗಂಟುಮೂಟೆ ಕಟ್ಟಬೇಕು. ಕೃಷ್ಣಾ ದಂಡೆಯವರಿಗೆ ಕೊಯ್ನಾ ಜಲಾಶಯ ಮತ್ತು ರಾಜಾಪುರ ಬ್ಯಾರೇಜಿನ ಹೊರಹರಿವು, ಮಲಪ್ರಭಾ ದಂಡೆಯ ರಾಮದುರ್ಗ, ಬಾದಾಮಿ ಕಡೆಯವರಿಗೆ ನವಿಲುತೀರ್ಥ ಜಲಾಶಯ, ಇಂಡಿ ಕಡೆಯ ಭೀಮಾ ತೀರದವರಿಗೆ ಉಜನಿ ಜಲಾಶಯ ಇದೇ ರೀತಿ ಮುನ್ಸೂಚನೆ ಕೊಡುತ್ತವೆ. ಭೀಮೆಯಂತೂ 2020ರಲ್ಲಿ ಅಕ್ಟೋಬರ್‌ನಲ್ಲಿ ಉಕ್ಕಿತು, ಆದ್ದರಿಂದ ಶ್ರಾವಣ ಕಳೆಯಿತೆಂದು ಕಟ್ಟಿದ ಗಂಟನ್ನು ಬಿಚ್ಚಬೇಡಿ.

ನಿಮ್ಮ ಮಾವನವರ ವಿಷಯ. ಹಿರಿಯರು ಮನೆ ಬಿಡಲು ಒಪ್ಪುವುದಿಲ್ಲ, ಅದು ಹಟವಲ್ಲ, ಕಟ್ಟಿದ ಮನೆಯ ಮೇಲಿನ ಮಮತೆ. ನೀರು ಬಂದ ದಿನ ಅವರನ್ನು ಒಪ್ಪಿಸುವ ಬದಲು ಮಳೆ ಜೋರಾದ ವಾರದಲ್ಲೇ ಎತ್ತರದ ಊರಿನ ಬಂಧುಗಳ ಮನೆಗೆ ನಾಲ್ಕು ದಿನ ಇರಲು ಕಳುಹಿಸಿಕೊಡಿ. ಅವರ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳು ಕನಿಷ್ಠ ಹತ್ತು ದಿನಕ್ಕಾಗುವಷ್ಟು ಯಾವಾಗಲೂ ಬೇರೆಯಾಗಿರಲಿ, ವೈದ್ಯರ ಚೀಟಿಯ ಒಂದು ಪ್ರತಿ ಅದರ ಜೊತೆಗಿರಲಿ. ಕನ್ನಡಕ, ಊರುಗೋಲು, ಕಿವಿಯ ಯಂತ್ರ ಇದ್ದರೆ ಅದು, ಇವೆಲ್ಲ ಅವಸರದಲ್ಲಿ ಉಳಿದುಹೋಗುವ ವಸ್ತುಗಳು. ನಡೆಯಲಾಗದಿದ್ದರೆ ತೋಳಿರುವ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಂಡು ಹೋಗುವುದು ಬೆನ್ನ ಮೇಲೆ ಹೊರುವುದಕ್ಕಿಂತ ಇಬ್ಬರಿಗೂ ಸುಲಭ. ಒಮ್ಮೆ ಮನೆಯಲ್ಲೇ ಮಾಡಿ ನೋಡಿ.

ಎಮ್ಮೆಗಳನ್ನು ಮೊದಲ ಗುರುತಿಗೇ ಹೊರಡಿಸಬೇಕೆಂದೆ. ನೆರೆಯಲ್ಲಿ ಮನೆ ಬಿಟ್ಟವರಿಗೆ ತೆರೆಯುವ ಕಾಳಜಿ ಕೇಂದ್ರದಲ್ಲಿ ದನಗಳಿಗೆ ಜಾಗ ಮತ್ತು ಮೇವು ಇದೆಯೇ ಎಂದು ಪಂಚಾಯಿತಿಯಲ್ಲಿ ಜೂನ್‌ನಲ್ಲೇ ಕೇಳಿ. ಇಲ್ಲದಿದ್ದರೆ ದಿಬ್ಬದ ಮೇಲೆ ಹೊಲವಿರುವವರೊಂದಿಗೆ ಮಾತಾಡಿ ಒಂದು ಬಂಡಿ ಒಣಮೇವನ್ನು ಅಲ್ಲಿ ಮೊದಲೇ ಒಟ್ಟಿಡಿ. ಮನೆ ಬಿಡಲಾಗದೆ ಉಳಿಯುವವರಲ್ಲಿ ಬಹಳ ಮಂದಿ ಉಳಿಯುವುದು ದನಗಳಿಗಾಗಿ, ಅವು ಸುರಕ್ಷಿತವಾಗಿದ್ದರೆ ಮನುಷ್ಯರ ಕಾಲೂ ಮುಂದಕ್ಕೆ ಬರುತ್ತದೆ. ಕಿವಿಯ ಹಳದಿ ಬಿಲ್ಲೆಯ 12 ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಪ್ರತಿ ಎಮ್ಮೆಯ ಪಕ್ಕದಲ್ಲಿ ನೀವೇ ನಿಂತು ಒಂದೊಂದು ಫೋಟೊ ತೆಗೆಸಿಕೊಳ್ಳಿ. ಮಳೆಗಾಲಕ್ಕೆ ಮೊದಲೇ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಹಾಕಿಸಿ. ಪಶು ಸಂಜೀವಿನಿಯ ಸಂಖ್ಯೆ 1962. ಎಲ್ಲ ಯೋಜನೆಯೂ ತಪ್ಪಿ, ಕರೆದುಕೊಂಡು ಹೋಗಲು ಸಾಧ್ಯವೇ ಇಲ್ಲವೆಂದಾದರೆ ಕಣ್ಣಿಯನ್ನು ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಹೊರಡಿ. ಎಮ್ಮೆ ಚೆನ್ನಾಗಿ ಈಜುತ್ತದೆ. ಗ್ವಾದಲಿಯ (ಮೇವಿನ ತೊಟ್ಟಿಯ) ಮುಂದೆ ಕಟ್ಟಿಹಾಕಿದ ಎಮ್ಮೆ ಈಜಲಾರದು.

ಇನ್ನು ಕಾಗದಪತ್ರ. ನೆರೆ ಇಳಿದ ವಾರ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಪಲ್ಲಂಗದ ಕೆಳಗಿದ್ದ ಕಬ್ಬಿಣದ ಟ್ರಂಕನ್ನು ನನ್ನೆದುರು ಎಳೆದರು. ಬೀಗ ತುಕ್ಕು ಹಿಡಿದಿತ್ತು, ಕೀಲಿ ತಿರುಗದೆ ಕೊನೆಗೆ ಕಲ್ಲಿನಿಂದ ಕೊಂಡಿಯನ್ನೇ ಒಡೆಯಬೇಕಾಯಿತು. ಒಳಗೆ ಹೊಲದ ಹಳೆಯ ಖರೀದಿ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಮೊಮ್ಮಗಳ ಮಾರ್ಕ್ಸ್ ಕಾರ್ಡು ಒಂದಕ್ಕೊಂದು ಅಂಟಿ ನೆನೆದ ರೊಟ್ಟಿಯಂತಾಗಿದ್ದವು. ಪಾಸ್‌ಬುಕ್ಕಿನ ಶಾಯಿ ಕರಗಿ ಮಾರ್ಕ್ಸ್ ಕಾರ್ಡಿನ ಮೇಲೆ ನೀಲಿಯಾಗಿ ಹರಡಿತ್ತು. ಲ್ಯಾಮಿನೇಷನ್ ಮಾಡಿಸಿದ್ದ ಪಡಿತರ ಚೀಟಿಯೂ ಅಂಚಿನ ಸಣ್ಣ ಬಿರುಕಿನಿಂದ ನೀರು ಕುಡಿದಿತ್ತು. ಟ್ರಂಕು ಕಳ್ಳರಿಂದ ಕಾಯುತ್ತದೆ, ನೀರಿನಿಂದ ಕಾಯುವುದಿಲ್ಲ. ಕಾಗದಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಅದನ್ನು ಮತ್ತೊಂದು ಚೀಲದಲ್ಲಿ ತಲೆಕೆಳಗಾಗಿ ಇಟ್ಟು ಕಟ್ಟಿ, ತಿರುಪು ಮುಚ್ಚಳದ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಆಧಾರ್, ಹೊಲದ ಉತಾರಗಳ (ಪಹಣಿ) ಪ್ರತಿ ಮತ್ತೆ ಸಿಗುತ್ತವೆ, ನೋಂದಾಯಿಸಿದ ಖರೀದಿ ಪತ್ರದ ದೃಢೀಕೃತ ಪ್ರತಿಯೂ ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ, ಆದರೆ ಅದಕ್ಕೆಲ್ಲ ಅಲೆದಾಟವಿದೆ. ಆದ್ದರಿಂದ ಪ್ರತಿಯೊಂದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಬಂಧುವೊಬ್ಬರ ಮೊಬೈಲಿಗೂ ಕಳುಹಿಸಿ, ಸಾಧ್ಯವಿದ್ದವನ್ನು ಡಿಜಿಲಾಕರ್‌ನಲ್ಲಿ ಇಡಿ. ಮುಖ್ಯವಾದ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಅದೇ ಡಬ್ಬಿಯಲ್ಲಿ ಹಾಕಿ, ಮೊಬೈಲ್ ಸತ್ತರೆ ಹೆಂಡತಿಗೆ ಗಂಡನ ಸಂಖ್ಯೆಯೂ ನೆನಪಿರುವುದಿಲ್ಲ. ತುರ್ತು ಸಹಾಯಕ್ಕೆ 112, ಆ್ಯಂಬುಲೆನ್ಸ್‌ಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ವಿದ್ಯುತ್ತಿನ ತೊಂದರೆಗೆ 1912, ಗ್ಯಾಸ್ ಸೋರಿಕೆಗೆ 1906.

ಆಹಾರದ ವಿಷಯದಲ್ಲಿ ನಮ್ಮ ಕಡೆಯ ಅಡುಗೆಮನೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅವಲಕ್ಕಿ, ಪುಟಾಣಿ, ಬೆಲ್ಲ ಇವು ಒಲೆಯಿಲ್ಲದೆ ಐದು ಜನರನ್ನು ಮೂರು ದಿನ ಸಾಕುತ್ತವೆ. 2019ರಲ್ಲಿ ಪಂಚಮಿ ಹಬ್ಬದ ದಿನಗಳಲ್ಲೇ ಹೊಳೆ ಏರಿದ್ದು ನಿಮಗೂ ನೆನಪಿರಬಹುದು. ಹಬ್ಬಕ್ಕೆ ಕಟ್ಟುವ ಶೇಂಗಾ ಉಂಡಿ, ಎಳ್ಳುಂಡಿಗಳಲ್ಲಿ ಒಂದು ಡಬ್ಬಿಯನ್ನು ಗಂಟಿಗೆಂದು ತೆಗೆದಿಟ್ಟರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ಬೇರಿಲ್ಲ. ಮಳೆಗಾಲದ ತೇವಕ್ಕೆ ರೊಟ್ಟಿ ಮೆತ್ತಗಾಗಿ ಬೂಷ್ಟು ಹಿಡಿಯುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ವಾರಕ್ಕೊಮ್ಮೆ ತಿಂದು ಹೊಸದನ್ನು ತುಂಬಿ. ನೀರು ಮಾತ್ರ ಲೆಕ್ಕ ಹಾಕಿ ಇಡಬೇಕು. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಹಿಡಿದರೆ ಐವರಿಗೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಇವು ಸ್ಲ್ಯಾಬಿನ ಮೇಲೆ, ಬಿಸಿಲು ತಾಗದಂತೆ ಹೊದಿಸಿ, ತುಂಬಿ ನಿಂತಿರಲಿ, ಕಡೆಯ ಆಸರೆಗೆ ಹತ್ತಬೇಕಾಗಿ ಬಂದರೆ ಇವೇ ನಿಮ್ಮನ್ನು ಉಳಿಸುವುದು. ನೆರೆಯ ನಂತರ ಬಾವಿ, ಬೋರ್‌ವೆಲ್ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿಯೇ ಕುಡಿಯಿರಿ. ಯಾರಿಗಾದರೂ ಭೇದಿ ಹತ್ತಿ, ಓಆರ್‌ಎಸ್ ಪೊಟ್ಟಣ ಕೈಗೆ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಉಪ್ಪಿನ ಅಳತೆ ಮೀರಬಾರದು.

ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸುವುದು ಎಲ್ಲರಿಗೂ ಗೊತ್ತು, ಇನ್ವರ್ಟರ್ ಆರಿಸುವುದನ್ನು ಮರೆಯುತ್ತಾರೆ. ಮೇನ್ ಆರಿಸಿದರೂ ಇನ್ವರ್ಟರ್ ಬ್ಯಾಟರಿಯಿಂದ ಮನೆಯ ವೈರುಗಳಿಗೆ ವಿದ್ಯುತ್ ಕೊಡುತ್ತಲೇ ಇರುತ್ತದೆ. ಅದನ್ನೂ ಆರಿಸಿ, ಬ್ಯಾಟರಿಯ ತಂತಿ ಬಿಚ್ಚಿ. ಆದರೆ ನೀರು ಆಗಲೇ ಒಳಗೆ ಬಂದಿದ್ದರೆ, ನಿಂತ ನೀರಿನಲ್ಲಿ ನಡೆದುಹೋಗಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು, ದಾರವಿರುವ ಮುಚ್ಚಳವನ್ನು ಒತ್ತಿ ಹಾಕಿ, ಸಿಲಿಂಡರನ್ನು ನಿಲ್ಲಿಸಿಯೇ ಹಗ್ಗದಿಂದ ಭದ್ರವಾದ ಕಂಬಕ್ಕೆ ಕಟ್ಟಿ. ಖಾಲಿಯದು ಮಾತ್ರವಲ್ಲ, ತುಂಬಿದ ಸಿಲಿಂಡರೂ ನೀರಿನಲ್ಲಿ ತೇಲುತ್ತದೆ. ಹೊಳೆಯ ದಂಡೆಯ ಪಂಪ್‌ಸೆಟ್ಟನ್ನು ಜೂನ್‌ನಲ್ಲೇ ಮೇಲಕ್ಕೆ ಸಾಗಿಸಿ. ನೀರು ಏರುತ್ತಿರುವಾಗ ಮೋಟರು ಬಿಚ್ಚಿ ತರಲು ಇಳಿದವರು ಕೊಚ್ಚಿಹೋದ ಸುದ್ದಿಯನ್ನು ನಾವು ಪದೇಪದೇ ಕೇಳಿದ್ದೇವೆ. ದಯವಿಟ್ಟು ನಿಮ್ಮ ಮನೆಯವರಿಗೆ ಈ ಒಂದು ಮಾತನ್ನಾದರೂ ನನ್ನ ಹೆಸರಿನಲ್ಲಿ ಹೇಳಿ.

ನಿಮ್ಮ ತವರುಮನೆಯವರ ಅಪಾಯ ಬೇರೆ ಬಗೆಯದು. ಬಸವನಬಾಗೇವಾಡಿ, ತಿಕೋಟಾ ಕಡೆ 2021ರಿಂದೀಚೆಗೆ ಹಲವು ಸಲ ನಡುಗಿರುವ ಭೂಮಿ ಸಣ್ಣ ಕಂಪನಗಳಷ್ಟೇ ಕೊಟ್ಟಿದೆ, ಅದಕ್ಕಾಗಿ ಊರು ಬಿಡಬೇಕಾಗಿಲ್ಲ. ಆದರೆ ನಮ್ಮ ಗಡಿಯಾಚೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾದಾಗ ಸುಮಾರು 10,000 ಜನ ಸತ್ತದ್ದು ನಡುಗಿದ ನೆಲಕ್ಕಿಂತ ಹೆಚ್ಚಾಗಿ ಮಣ್ಣು ಗಚ್ಚಿನ ಕಲ್ಲುಗೋಡೆ ಮತ್ತು ಮಾಳಿಗೆಯ ಮಣ್ಣಿನ ಭಾರದಿಂದ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದು ಒಣಗಿದ್ದಾಗಲೇ 5 ಟನ್ನಿಗೆ ಮೇಲಾಗುತ್ತದೆ. ಪ್ರತಿ ವರ್ಷ ಸೋರುವ ಜಾಗಕ್ಕೆ ಹೊಸ ಮಣ್ಣು ಹಾಕುತ್ತಾ ಹೋದ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ಹಳೆಯ ಮಣ್ಣನ್ನು ಕೆರೆದು ಇಳಿಸದೆ ಹೊಸದನ್ನು ಏರಿಸಬಾರದು, ಮಳೆಗಾಲದಲ್ಲಿ ಮಣ್ಣಿಗೆ ಬದಲು ತಾಡಪಾಲು ಹೊದಿಸುವುದು ಒಳ್ಳೆಯದು. ಮಾಳಿಗೆ ಗೋಡೆಯ ಮೇಲೆ ಕೂತಿರುವ ಮನೆಗಿಂತ ಕಂಬ, ತೊಲೆ, ಜಂತಿಗಳ ಮೇಲೆ ಕೂತಿರುವ ಮನೆ ವಾಸಿ, ಆದರೆ ಕಂಬದ ಬುಡ ಗೆದ್ದಲು ತಿಂದಿರಬಾರದು. ಮಲಗುವ ಜಾಗದ ಮೇಲಿನ ನಾಗೊಂದಿಗೆಯಿಂದ ತಾಮ್ರದ ಹಂಡೆ, ಕೊಪ್ಪರಿಗೆಗಳನ್ನು ಕೆಳಗಿಳಿಸಿ. ನಡುಕ ಬಂದಾಗ ಬಾಗಿಲಿಗೆ ನಾಲ್ಕು ಹೆಜ್ಜೆಯಲ್ಲಿದ್ದರೆ ಹೊರಗೆ ಬಯಲಿಗೆ ಬರಬೇಕು, ದೂರವಿದ್ದರೆ ಗಟ್ಟಿಯಾದ ಮಂಚದ ಕೆಳಗೆ ಹೊಕ್ಕು ತಲೆ ಕಾಯ್ದುಕೊಳ್ಳಬೇಕು.

ಅದೇ ಮಣ್ಣಿನ ಮನೆಗೆ ಭೂಕಂಪಕ್ಕಿಂತ ಹೆಚ್ಚು ಸಲ ಬರುವ ಶತ್ರು ಬಿಡದೆ ಸುರಿಯುವ ಮಳೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ವಿಜಯಪುರ, ಬಾಗಲಕೋಟೆ ಭಾಗದಲ್ಲಿ ಹೊಳೆಯಿಂದ ದೂರವಿದ್ದ ಊರುಗಳಲ್ಲೂ ಗೋಡೆಗಳು ಕುಸಿದವು. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಹೊಸ ಬಿರುಕಿನಿಂದ ಮಣ್ಣು ಉದುರುತ್ತಿದ್ದರೆ, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಬಿಗಿಯಾಗಿದ್ದರೆ ಆ ರಾತ್ರಿ ಆ ಕೋಣೆಯಲ್ಲಿ ಮಲಗಬಾರದು. ಮಳೆ ನಿಂತಿತೆಂದು ಕೂಡಲೇ ಮರಳುವುದೂ ತಪ್ಪು, ನೀರು ಕುಡಿದ ಗೋಡೆ ಬಿಸಿಲು ಬಿದ್ದ ಮೇಲೂ ಬೀಳುತ್ತದೆ.

ನೆರೆ ಇಳಿದು ನೀವು ಮನೆಗೆ ಮರಳುವ ದಿನ ಹಗಲಲ್ಲಿ, ಮಕ್ಕಳನ್ನು ಬಿಟ್ಟು, ಕೈಯಲ್ಲಿ ಕೋಲು ಹಿಡಿದು, ಕಾಲಿಗೆ ಗಟ್ಟಿ ಪಾದರಕ್ಷೆ ಹಾಕಿಕೊಂಡು ಹೋಗಿ. ಹಾವುಗಳು ನಿಮ್ಮಂತೆಯೇ ಒಣಜಾಗ ಹುಡುಕಿ ಬಂದಿರುತ್ತವೆ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ, ಕಚ್ಚಿದ ಅಂಗವನ್ನು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು. ಗುಡಿಸುವುದಕ್ಕೆ ಮೊದಲು ಪ್ರತಿ ಕೋಣೆಯ, ಗೋಡೆಯ ಮೇಲಿನ ನೀರಿನ ಗೆರೆಯ, ಹಾಳಾದ ಸಾಮಾನಿನ ಫೋಟೊ ತೆಗೆಯಿರಿ. ಪಂಚನಾಮೆಗೆ ಬರುವವರು ನೋಡುವುದು ಅವರು ಬಂದ ದಿನದ ಮನೆಯನ್ನು, ನೀವು ತೊಳೆದು ಬಳಿದ ಮೇಲೆ ಹಾನಿಯನ್ನು ಮಾತಿನಲ್ಲಿ ತೋರಿಸುವುದು ಕಷ್ಟ. 2019ರಲ್ಲಿ ಮನೆಗಳನ್ನು ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವರ್ಗ ಮಾಡಿ ಪರಿಹಾರ ಕೊಟ್ಟಾಗ ಒಂದು ಅಕ್ಷರದ ವ್ಯತ್ಯಾಸಕ್ಕೆ ಲಕ್ಷಗಟ್ಟಲೆ ರೂಪಾಯಿಯ ವ್ಯತ್ಯಾಸವಾಗುತ್ತಿತ್ತು.

ನಿಮ್ಮಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ ಇದ್ದರೆ ಇದನ್ನು ಮರೆಯಬೇಡಿ. ನೀರು ಹೊಕ್ಕ ಹಗೇವಿನಲ್ಲಿ ನೆನೆದ ಜೋಳ ಹುಳಿತು ಗಾಳಿಯನ್ನು ಕೆಡಿಸಿರುತ್ತದೆ. ಆ ಗಾಳಿಗೆ ಬಣ್ಣವಿಲ್ಲ, ಇಳಿದವರು ಕೂಗುವ ಮೊದಲೇ ಬೀಳುತ್ತಾರೆ, ಅವರನ್ನೆತ್ತಲು ಇಳಿದ ಎರಡನೆಯವರೂ ಬೀಳುತ್ತಾರೆ. ಹಗೇವಿನ ಬಾಯಿಯನ್ನು ಪೂರ್ತಿ ತೆರೆದು ದಿನಗಟ್ಟಲೆ ಬಿಟ್ಟರೂ ತಳದ ಗಾಳಿ ಹೊರಬಂದಿರುತ್ತದೆಂಬ ಖಾತ್ರಿಯಿಲ್ಲ. ಮೇಲಿನಿಂದಲೇ ಬುಟ್ಟಿ, ಹಗ್ಗದಿಂದ ತೆಗೆಯಲಾಗದ ಕಾಳನ್ನು ಅಲ್ಲೇ ಬಿಟ್ಟುಬಿಡಿ. ಯಾರಾದರೂ ಬಿದ್ದರೆ ಇನ್ನೊಬ್ಬರನ್ನು ಇಳಿಯಗೊಡದೆ 112ಕ್ಕೆ ಕರೆ ಮಾಡಿ.